ವಾರ್ನಾದ ಒಂದು ಸಮ ಆಟ

ಗೆದ್ದವರಾರು ಎಂದು ಕೇಳಿ, ಯಾರೂ ಇಲ್ಲವೆಂಬ ಉತ್ತರ ಬಂದೊಡನೆ ಮುಖ ತಿರುಗಿಸುವವರೇ ಹೆಚ್ಚು. ಚದುರಂಗದ ಸಮ ಆಟವೆಂದರೆ ಬಹುಕಾಲ ನನಗೂ ಅಂಥದೇ ತಾತ್ಸಾರ. 1962ರಲ್ಲಿ ಬಲ್ಗೇರಿಯದ ವಾರ್ನಾ ಒಲಿಂಪಿಯಾಡಿನಲ್ಲಿ ಬೋತ್ವಿನ್ನಿಕ್ ಮತ್ತು ಫಿಷರ್ ಆಡಿದ ಆಟವನ್ನು ಮಣೆಯ ಮೇಲೆ ನಡೆನಡೆಯಾಗಿ ಆಡಿ ನೋಡಿದ ಮೇಲೆ ಅದು ಬಿಟ್ಟಿತು.

ಬೋತ್ವಿನ್ನಿಕ್ ಆಗ ಜಗಜ್ಜೇತ, ವಯಸ್ಸು 51. ಫಿಷರನಿಗೆ 19, ಆದರೆ 15ಕ್ಕೇ ಗ್ರ್ಯಾಂಡ್ ಮಾಸ್ಟರನಾಗಿದ್ದವನನ್ನು ಹುಡುಗನೆನ್ನುವಂತಿಲ್ಲ. ಪಂದ್ಯದಲ್ಲಿ ಇವರಿಬ್ಬರೂ ಎದುರಾದದ್ದು ಇದೊಂದೇ ಸಲ.

ಬಿಳಿಯ ಕಾಯಿ ಬೋತ್ವಿನ್ನಿಕನದು. ಗ್ರುನ್‌ಫೆಲ್ಡ್ ರಕ್ಷಣೆಗೆ ಅವನು ಮನೆಯಲ್ಲೇ ಮದ್ದು ಅರೆದಿಟ್ಟುಕೊಂಡು ಬಂದಿದ್ದ. ಹದಿನೇಳನೆಯ ನಡೆಯಲ್ಲಿ ಫಿಷರ್ ತನ್ನ ಮಂತ್ರಿಯಿಂದ ಕಾಲಾಳೊಂದನ್ನು ಹೊಡೆದ. ಮಂತ್ರಿ ಹೋಯಿತು, ಮರುನಡೆಗೆ ಕುದುರೆ ಎದುರಾಳಿಯ ಮಂತ್ರಿಯನ್ನು ಕಬಳಿಸಿತು. ಲೆಕ್ಕ ನೋಡಿದರೆ ಕಾಲಾಳು ಕಪ್ಪಿಗೆ ಲಾಭ! ಮನೆಯ ಪಾಠದಲ್ಲಿ ಈ ನಡೆ ಇರಲಿಲ್ಲ. ಇಡೀ ಆಟದಲ್ಲಿ ಕಾವ್ಯವೆನ್ನಬಹುದಾದ ಗಳಿಗೆ ಇದೇ.

ಅನಂತರದ್ದು ಗದ್ಯ, ಒಳ್ಳೆಯ ಗದ್ಯ. 45 ನಡೆಗಳಾದ ಮೇಲೆ ಆಟ ಮರುದಿನಕ್ಕೆ ನಿಂತಾಗ ಆನೆ ಮತ್ತು ಕಾಲಾಳುಗಳ ಅಂತ್ಯ, ಮೇಲುಗೈ ಫಿಷರನದು. ರಾತ್ರಿಯೆಲ್ಲ ಸೋವಿಯತ್ ತಂಡ ಮಣೆಯ ಸುತ್ತ ಕುಳಿತಿತು. ಪಾರಾಗುವ ಉಪಾಯ ಹೊಳೆದದ್ದು ಗೆಲ್ಲರನಿಗೆ. 68ನೆಯ ನಡೆಗೆ ಸಮ.

ಹಾಗಾದರೆ ಈ ಆಟದ ಕರ್ತೃ ಯಾರು? ಇಂಥ ನೆರವು ಅಂದಿನ ರೂಢಿಗೆ ಹೊರತಲ್ಲ, ನಿಜ. ಆದರೂ ನಾಟಕದ ಕೊನೆಯ ಅಂಕವನ್ನು ಕವಿಯ ಗೆಳೆಯರು ಬರೆದುಕೊಟ್ಟಂತೆ ನನಗೆ ಮುಜುಗರವಾಗುತ್ತದೆ. ಗೆಲ್ಲರನ ಉಪಾಯದ ಸೊಗಸು ಮಾತ್ರ ಅದರಿಂದ ಕಡಿಮೆಯಾಗದು.

ಫಿಷರನ ಮೇಲೂ ನನ್ನದೊಂದು ತಕರಾರಿದೆ. 1969ರಲ್ಲಿ ಬಂದ ತನ್ನ ಅರವತ್ತು ಆಟಗಳ ಪುಸ್ತಕದಲ್ಲಿ ಒಂಬತ್ತು ಸಮ ಆಟಗಳನ್ನೂ ಮೂರು ಸೋಲುಗಳನ್ನೂ ಸೇರಿಸಿದ ದೊಡ್ಡ ಮನಸ್ಸು ಅವನದು. ಆದರೆ ವಾರ್ನಾದ ಆಟಕ್ಕೆ ಬಂದಾಗ, ಗೆಲುವು ತನ್ನದಾಗಬೇಕಿತ್ತೆಂದು ಕಾಗದದ ಮೇಲೆ ಸಾಧಿಸಹೊರಟ. ಬೋತ್ವಿನ್ನಿಕ್ ಒಪ್ಪಲಿಲ್ಲ, ತನ್ನ ಶಾಲೆಯ ಮಕ್ಕಳಿಗೆ ಅದನ್ನೇ ಮನೆಪಾಠವಾಗಿ ಕೊಟ್ಟ. ಹದಿಮೂರು ವರ್ಷದ ಕಾಸ್ಪರೋವ್ ಬಿಳಿಗೆ ಉಳಿವಿನ ದಾರಿಯನ್ನು ಹುಡುಕಿ ತಂದ. ವಾರ್ನಾದಲ್ಲಿ ಆ ಆಟ ನಡೆದಾಗ ಅವನಿನ್ನೂ ಹುಟ್ಟಿರಲಿಲ್ಲ.