ಜಮಾಖರ್ಚಿನಲ್ಲಿ ಕಾಣದ ಕ್ಷಾಮ: ಚರ್ಚಿಲ್ಲರ ಮಹಾಯುದ್ಧ ಕಥನ

ಎರಡನೆಯ ಮಹಾಯುದ್ಧವನ್ನು ಕುರಿತ ಗ್ರಂಥಗಳಿಗೆ ಲೆಕ್ಕವಿಲ್ಲ. ಸೇನಾಪತಿಗಳು ಬರೆದರು, ರಾಯಭಾರಿಗಳು ಬರೆದರು, ಸೆರೆಶಿಬಿರಗಳಿಂದ ಬದುಕಿ ಬಂದವರು ಬರೆದರು. ಆದರೆ ಮಿತ್ರಪಕ್ಷದ ಮೂವರು ಮಹಾನಾಯಕರಲ್ಲಿ ಯುದ್ಧದ ಕಥನವನ್ನು ಆದ್ಯಂತವಾಗಿ ಬರೆದು ಮುಗಿಸಿದವರು ವಿನ್‌ಸ್ಟನ್ ಚರ್ಚಿಲ್ಲರೊಬ್ಬರೇ. ರೂಸ್‌ವೆಲ್ಟರು 1945ರ ಏಪ್ರಿಲಿನಲ್ಲಿ ತೀರಿಕೊಂಡರು. ಸ್ಟಾಲಿನ್ ಬರೆಯುವ ಗೋಜಿಗೆ ಹೋಗಲಿಲ್ಲ. ಹೀಗಾಗಿ 1948ರಿಂದ 1954ರವರೆಗೆ ಆರು ಸಂಪುಟಗಳಲ್ಲಿ ಹೊರಬಂದ ‘ದಿ ಸೆಕೆಂಡ್ ವರ್ಲ್ಡ್ ವಾರ್’ ಎಂಬ ಗ್ರಂಥವು ದೀರ್ಘಕಾಲ ಆ ಯುದ್ಧದ ಅಧಿಕೃತ ಪುರಾಣವೆಂಬಂತೆ ಮಾನ್ಯವಾಯಿತು. ಇದರ ಕರ್ತೃವಿಗೆ 1953ರಲ್ಲಿ ಸಾಹಿತ್ಯದ ನೊಬೆಲ್ ಪಾರಿತೋಷಕ ಸಂದಿತು. ಇಂಗ್ಲಿಷ್ ಬಲ್ಲ ಭಾರತೀಯರ ಮನೆಗಳಲ್ಲಿಯೂ ಈ ಸಂಪುಟಗಳು ಗೌರವದ ಸ್ಥಾನ ಪಡೆದವು. ಇಂಥ ಗ್ರಂಥವನ್ನು ಕೇವಲ ಮೆಚ್ಚಿ ಕೆಳಗಿಡುವುದಾಗಲಿ, ಬರೆದವರು ಸಾಮ್ರಾಜ್ಯವಾದಿಯೆಂಬ ಕಾರಣಕ್ಕೆ ಓದದೆ ಬಿಡುವುದಾಗಲಿ ಎರಡೂ ಸಲ್ಲದು. ಒಂದು ಲೆಕ್ಕಪುಸ್ತಕವನ್ನು ತಪಾಸಣೆ ಮಾಡುವ ರೀತಿಯಲ್ಲಿ ಇದನ್ನು ಓದಬೇಕು: ಏನು ನಮೂದಾಗಿದೆ, ಏನು ನಮೂದಾಗಿಲ್ಲ, ನಮೂದಾದದ್ದು ಯಾರ ಹೆಸರಿನಲ್ಲಿ ಎಂದು.

ಗ್ರಂಥದ ಗುಣಗಳು ಅಲ್ಪವಲ್ಲ. ತಾನು ಬರೆಯುತ್ತಿರುವುದು ಇತಿಹಾಸವಲ್ಲ, ಇತಿಹಾಸವನ್ನು ಬರೆಯುವುದು ಮುಂದಿನ ಪೀಳಿಗೆಯ ಕೆಲಸ, ಇದು ಆ ಕೆಲಸಕ್ಕೆ ತನ್ನ ಕಾಣಿಕೆ ಎಂದು ಲೇಖಕರು ಮುನ್ನುಡಿಯಲ್ಲಿಯೇ ಹೇಳಿಕೊಂಡಿದ್ದಾರೆ. ಮೊದಲ ಎರಡು ಸಂಪುಟಗಳ ಓಟ ಅನನ್ಯವಾದದ್ದು. ಹಿಟ್ಲರನ ಬೆಳವಣಿಗೆಯನ್ನು ಯೂರೋಪಿನ ರಾಷ್ಟ್ರಗಳು ಕಣ್ಣಾರೆ ಕಂಡೂ ಕಾಣದಂತೆ ಕುಳಿತದ್ದು, 1940ರ ಮೇ 10ರಂದು ಪ್ರಧಾನಿಪದ ತಮ್ಮ ಪಾಲಿಗೆ ಬಂದದ್ದು, ಡಂಕರ್ಕಿನ ಮರಳದಂಡೆಯಿಂದ 3,38,000ಕ್ಕೂ ಹೆಚ್ಚು ಸೈನಿಕರನ್ನು ಹಡಗು ದೋಣಿಗಳಲ್ಲಿ ದಾಟಿಸಿದ್ದು, ಫ್ರಾನ್ಸ್ ಬಿದ್ದ ಮೇಲೆ ಒಂದು ಸಣ್ಣ ದ್ವೀಪ ಒಂಟಿಯಾಗಿ ನಿಂತದ್ದು, ಇವುಗಳನ್ನು ಓದುವಾಗ ಲೇಖಕರ ಬಗೆಗೆ ಎಂಥ ಪೂರ್ವಾಗ್ರಹವಿದ್ದರೂ ಕರಗುತ್ತದೆ. ಆಕ್ರಮಣಕಾರನನ್ನು ಎದುರಿಸುವ ವಿರೋಧೀ ಹಿಂಸೆಯನ್ನು ಗೃಹಸ್ಥನಿಗೂ ರಾಜನಿಗೂ ಸಂಪೂರ್ಣವಾಗಿ ನಿಷೇಧಿಸದ ಶ್ರಾವಕಾಚಾರದ ದೃಷ್ಟಿಯಿಂದ ನೋಡಿದರೂ, 1940ರ ಬ್ರಿಟನ್ನಿನ ಪ್ರತಿರೋಧದಲ್ಲಿ ದೋಷ ಹುಡುಕುವುದು ಸುಲಭವಲ್ಲ.

ತಪಾಸಣೆ ಕಠಿಣವಾಗುವುದು ಮುಂದಿನ ಸಂಪುಟಗಳಲ್ಲಿ. ಚರ್ಚಿಲ್ಲರು ತಾವು ಪ್ರಧಾನಿಯಾಗಿ ಕಳುಹಿಸಿದ ಟಿಪ್ಪಣಿಗಳನ್ನೂ ತಂತಿಗಳನ್ನೂ ಧಾರಾಳವಾಗಿ ಮುದ್ರಿಸಿದ್ದಾರೆ. ಆದರೆ ಅವುಗಳಿಗೆ ಅಧಿಕಾರಿಗಳೂ ಸೇನಾಪತಿಗಳೂ ಕೊಟ್ಟ ಉತ್ತರಗಳು ಬಹುಮಟ್ಟಿಗೆ ಇಲ್ಲ. ಗ್ರಂಥ ಪ್ರಕಟವಾದ ಕಾಲದಿಂದಲೂ ಈ ಆಕ್ಷೇಪಣೆ ಇದೆ. ಕಚೇರಿಯ ಭಾಷೆಯಲ್ಲಿ ಹೇಳುವುದಾದರೆ, ಇಲ್ಲಿ ಜಾವಕ ದಫ್ತರವಿದೆ, ಆವಕ ದಫ್ತರವಿಲ್ಲ. ಎರಡನ್ನೂ ತಾಳೆ ನೋಡದೆ ಯಾವ ಪೇಢಿಯ ವ್ಯವಹಾರವೂ ಪೂರ್ತಿ ಅರ್ಥವಾಗದು. ಸಂಶೋಧಕರ ಒಂದು ತಂಡವೇ ಲೇಖಕರ ಕೈಕೆಳಗೆ ದುಡಿದು ಕರಡುಗಳನ್ನು ಸಿದ್ಧಪಡಿಸುತ್ತಿತ್ತು. ಕೊನೆಯ ಸಂಪುಟಗಳ ವೇಳೆಗೆ ಲೇಖಕರು ಮತ್ತೆ ಪ್ರಧಾನಿಯಾಗಿದ್ದರು. ಏನನ್ನು ಸೇರಿಸಬೇಕು, ಏನನ್ನು ಬಿಡಬೇಕೆಂಬ ನಿರ್ಣಯದಲ್ಲಿ ರಾಜಕಾರಣವೂ ಕೈಯಾಡಿಸಿತೆಂಬುದನ್ನು ಡೇವಿಡ್ ರೆನಾಲ್ಡ್ಸ್ ಎಂಬ ಇತಿಹಾಸಕಾರರು 2004ರಲ್ಲಿ ಪ್ರಕಟಿಸಿದ ತಮ್ಮ ಗ್ರಂಥದಲ್ಲಿ ಕರಡುಗಳನ್ನೇ ಮುಂದಿಟ್ಟುಕೊಂಡು ತೋರಿಸಿದ್ದಾರೆ.

ಆರನೆಯ ಸಂಪುಟದಲ್ಲಿ ಡ್ರೆಸ್ಡೆನ್ ನಗರದ ಮೇಲಿನ ಬಾಂಬ್ ದಾಳಿಗೆ ದೊರೆತಿರುವುದು ಒಂದು ವಾಕ್ಯದ ಸ್ಥಳ. 1945ರ ಫೆಬ್ರವರಿಯ ಆ ದಾಳಿಯಲ್ಲಿ ಸತ್ತವರು ಸುಮಾರು 25,000 ಮಂದಿ. ಅಣುಬಾಂಬಿನ ವಿಷಯದಲ್ಲಿ ಲೇಖಕರು ಮುಚ್ಚಿಟ್ಟಿಲ್ಲ: ಪರೀಕ್ಷಾಸ್ಫೋಟ ನಡೆಯುವ ಮುನ್ನವೇ, ಜುಲೈ 4ರಂದು, ಬ್ರಿಟನ್ ತಾತ್ವಿಕವಾಗಿ ಸಮ್ಮತಿಯಿತ್ತಿತ್ತೆಂದು ತಾವೇ ಬರೆದಿದ್ದಾರೆ. ಬಳಸಬೇಕೇ ಬೇಡವೇ ಎಂಬ ಪ್ರಶ್ನೆಯೇ ಅಲ್ಲಿ ಏಳಲಿಲ್ಲವೆಂಬುದನ್ನೂ ಸೇರಿಸಿದ್ದಾರೆ. ಮಾಡಿದ್ದು, ಮಾಡಿಸಿದ್ದು, ಅನುಮೋದಿಸಿದ್ದು ಈ ಮೂರನ್ನೂ ಒಂದೇ ತಕ್ಕಡಿಯಲ್ಲಿ ತೂಗುವ ಓದುಗನಿಗೆ ಹಿರೋಷಿಮಾದ ಕಥೆಯಲ್ಲಿ ಈ ಪುಟ ಮುಖ್ಯವಾದದ್ದು. ಇದನ್ನು ದಾಖಲಿಸಿದ ಪ್ರಾಮಾಣಿಕತೆಗೆ ಲೇಖಕರನ್ನು ಮೆಚ್ಚಬೇಕು.

ಹಾಗಿದ್ದರೂ ಭಾರತೀಯ ವಾಚಕನು ನಿಂತು ನೋಡಬೇಕಾದದ್ದು ನಾಲ್ಕನೆಯ ಸಂಪುಟವಾದ ‘ದಿ ಹಿಂಜ್ ಆಫ್ ಫೇಟ್’ನಲ್ಲಿ ಭಾರತವನ್ನು ಕುರಿತು ಬರುವ ಪುಟಗಳನ್ನು. ಯುದ್ಧದ ಭಯಾನಕತೆಯಿಂದ ಇಡೀ ಜಗತ್ತಿನಲ್ಲಿ ಹಿಂದೂಸ್ಥಾನದ ಜನರಷ್ಟು ಸುರಕ್ಷಿತರಾಗಿ ಉಳಿದ ದೊಡ್ಡ ಜನಸಮುದಾಯ ಮತ್ತೊಂದಿಲ್ಲವೆಂಬುದು ಅಲ್ಲಿಯ ವಾದ. ಬ್ರಿಟನ್ ತನ್ನ ಹೆಗಲ ಮೇಲೆ ಅವರನ್ನು ಹೊತ್ತು ದಾಟಿಸಿತಂತೆ. ಸ್ವಯಂಪ್ರೇರಣೆಯಿಂದ ಸೇನೆಗೆ ಸೇರಿದ 25 ಲಕ್ಷ ಭಾರತೀಯರ ಶೌರ್ಯವನ್ನು ಲೇಖಕರು ಮನಸಾರೆ ಹೊಗಳುತ್ತಾರೆ, ನಿಜ. ಆದರೆ ಅದೇ ಜಾಗದಲ್ಲಿ ಒಂದು ದೂರೂ ಇದೆ. ಭಾರತವನ್ನು ರಕ್ಷಿಸಿದ್ದಕ್ಕೆ ಬ್ರಿಟನ್ನೇ ದಿನವೊಂದಕ್ಕೆ ಹತ್ತು ಲಕ್ಷ ಪೌಂಡಿನಷ್ಟು ತೆರಬೇಕಾಯಿತು, ಸರಕುಗಳ ದರ ವಿಪರೀತವಾಗಿತ್ತು, ವಿನಿಮಯದ ದರ ಅವಾಸ್ತವವಾಗಿತ್ತು, ಕಡೆಗೆ ರಕ್ಷಿಸಿದವನೇ ಸಾಲಗಾರನಾದನೆಂದು.

ಈ ಸಾಲದ ಸ್ವರೂಪವನ್ನು ವ್ಯಾಪಾರದ ಮನೆತನದವರು ಕ್ಷಣದಲ್ಲಿ ಗ್ರಹಿಸಬಲ್ಲರು. 1939ರ ಒಪ್ಪಂದದ ಪ್ರಕಾರ ಭಾರತದ ಸ್ವಂತ ರಕ್ಷಣೆಯ ವೆಚ್ಚ ಭಾರತದ್ದು, ಅದರಾಚೆಯ ಯುದ್ಧವೆಚ್ಚ ಬ್ರಿಟನ್ನಿನದು. ಬ್ರಿಟನ್ನಿಗಾಗಿ ಇಲ್ಲಿ ಕೊಂಡ ಬಟ್ಟೆ, ಸೆಣಬು, ಚರ್ಮ, ಮರ, ಉಕ್ಕು ಇವುಗಳ ಬೆಲೆ ಲಂಡನ್ನಿನಲ್ಲಿ ಸ್ಟರ್ಲಿಂಗಿನ ರೂಪದಲ್ಲಿ ಭಾರತದ ಖಾತೆಗೆ ಜಮೆಯಾಗುತ್ತಿತ್ತು. ಯುದ್ಧ ಮುಗಿಯುವವರೆಗೆ ಆ ಹಣವನ್ನು ಬಳಸಿ ಸಾಮಾನು ತರಿಸುವಂತಿರಲಿಲ್ಲ. ಇಲ್ಲಿ ಸರಕು ಕೊಟ್ಟವರಿಗೆ ಮಾತ್ರ ರೂಪಾಯಿ ಕೊಡಲೇಬೇಕಲ್ಲ. ಲಂಡನ್ನಿನ ಆ ಜಮೆಯನ್ನೇ ಆಧಾರವಾಗಿಟ್ಟುಕೊಂಡು ರಿಸರ್ವ್ ಬ್ಯಾಂಕು ನೋಟುಗಳನ್ನು ಹೊರಡಿಸಿತು. ಯುದ್ಧದ ಆರು ವರ್ಷಗಳಲ್ಲಿ ಚಲಾವಣೆಯ ನೋಟುಗಳು ಸುಮಾರು ಆರು ಪಟ್ಟಾದವು. ಸರಕು ಸೈನ್ಯಕ್ಕೆ ಹೋಯಿತು, ಕಾಗದ ಪೇಟೆಗೆ ಬಂದಿತು. 1945-46ರ ವೇಳೆಗೆ ಬ್ರಿಟನ್ ಭಾರತಕ್ಕೆ ಕೊಡಬೇಕಾದ ಬಾಕಿ ಸುಮಾರು 130 ಕೋಟಿ ಪೌಂಡು, ಅಂದಿನ ದರದಲ್ಲಿ 1,700 ಕೋಟಿ ರೂಪಾಯಿಗೂ ಮೇಲೆ. ಉದ್ರಿಯಲ್ಲಿ ಸರಕೆತ್ತಿದ ಗಿರಾಕಿಯು ಬಾಕಿ ತೀರಿಸುವ ದಿನ ಬಂದಾಗ ದರ ಹೆಚ್ಚಾಗಿತ್ತೆಂದು ಗೊಣಗುವುದು ಲೋಕರೂಢಿ. ಮಹಾಪುರುಷರೂ ಈ ರೂಢಿಗೆ ಹೊರತಲ್ಲವೆಂದು ಕಾಣುತ್ತದೆ.

ಬಾಕಿ ನಮೂದಾಯಿತು. ಅದರ ಎದುರಿನ ಬದಿಯಲ್ಲಿ ಬಂಗಾಳದ ಹಳ್ಳಿಗಳು ತೆತ್ತದ್ದು ನಮೂದಾಗಲಿಲ್ಲ.

ಐದನೆಯ ಸಂಪುಟವಾದ ‘ಕ್ಲೋಸಿಂಗ್ ದಿ ರಿಂಗ್’ ಒಳಗೊಂಡಿರುವ ಕಾಲ 1943ರ ಜೂನ್‌ನಿಂದ 1944ರ ಜೂನ್‌ವರೆಗೆ. ಬಂಗಾಳದ ಮಹಾಕ್ಷಾಮದ ಕಾಲವೂ ಸರಿಸುಮಾರು ಅದೇ. ಸಿಸಿಲಿಯ ದಾಳಿ, ಮುಸೊಲಿನಿಯ ಪತನ, ಟೆಹರಾನಿನ ಸಮಾಲೋಚನೆ ಎಲ್ಲವೂ ಅದರಲ್ಲಿ ವಿಸ್ತಾರವಾಗಿ ಬಂದಿವೆ. 15 ಲಕ್ಷದಿಂದ 30 ಲಕ್ಷದವರೆಗೆ ಜನರನ್ನು ಬಲಿ ತೆಗೆದುಕೊಂಡ ಕ್ಷಾಮಕ್ಕೆ ಅದರ ಕಥನಭಾಗದಲ್ಲಿ ಒಂದು ಅಧ್ಯಾಯವೂ ಇಲ್ಲ. ಮಹಾಯುದ್ಧದಲ್ಲಿ ಮಡಿದ ಭಾರತೀಯ ಸೈನಿಕರ ಸಂಖ್ಯೆ ಸುಮಾರು 87,000. ಒಂದೇ ಪ್ರಾಂತದಲ್ಲಿ ಅದರ ಎಷ್ಟೋ ಪಟ್ಟು ಜನ ಆಯುಧ ಹಿಡಿಯದೆ ಸತ್ತರು.

ಕ್ಷಾಮವು ದೈವಿಕ ವಿಪತ್ತು, ಯುದ್ಧದ ಇತಿಹಾಸದಲ್ಲಿ ಅದಕ್ಕೇನು ಸ್ಥಾನವೆಂದು ಕೇಳುವವರಿರಬಹುದು. ಘಟನಾವಳಿಯೇ ಉತ್ತರ ಹೇಳುತ್ತದೆ. 1942ರ ಮಾರ್ಚಿನಲ್ಲಿ ರಂಗೂನು ಜಪಾನೀಯರ ವಶವಾಯಿತು, ಬರ್ಮಾದ ಅಕ್ಕಿ ಬರುವುದು ನಿಂತಿತು. ಶತ್ರು ಬಂಗಾಳಕ್ಕೆ ಇಳಿದರೆ ಅವನಿಗೆ ವಾಹನವಾಗಲಿ ಅನ್ನವಾಗಲಿ ಸಿಕ್ಕಬಾರದೆಂದು ಕರಾವಳಿಯ ಜಿಲ್ಲೆಗಳಲ್ಲಿ ಹೆಚ್ಚುವರಿ ಅಕ್ಕಿಯನ್ನು ಸರ್ಕಾರ ಎತ್ತಿಸಿತು. ಹತ್ತು ಜನಕ್ಕಿಂತ ಹೆಚ್ಚು ಮಂದಿಯನ್ನು ಹೊರಬಲ್ಲ ಸಾವಿರಾರು ದೋಣಿಗಳನ್ನು ವಶಪಡಿಸಿಕೊಂಡಿತು, ಇಲ್ಲವೇ ನಾಶಪಡಿಸಿತು. ನದಿಗಳೇ ರಸ್ತೆಗಳಾದ ನಾಡಿನಲ್ಲಿ ದೋಣಿ ಹೋದರೆ ಬೆಸ್ತನ ಕಸುಬೂ ಹೋಯಿತು, ಸಂತೆಗೆ ಭತ್ತ ಸಾಗುವ ದಾರಿಯೂ ಹೋಯಿತು. ಅಕ್ಟೋಬರಿನಲ್ಲಿ ಮಿಡ್ನಾಪುರದ ಕಡೆ ಚಂಡಮಾರುತ ಬೀಸಿತು, ಬೆಳೆಗೆ ರೋಗವೂ ತಗುಲಿತು. ಆದರೆ 1943ರಲ್ಲಿ ಬಂಗಾಳದಲ್ಲಿ ಬರಗಾಲವೆನ್ನುವಂಥ ಅನಾವೃಷ್ಟಿ ಇರಲಿಲ್ಲವೆಂದು 2019ರಲ್ಲಿ ಗಾಂಧಿನಗರದ ಐಐಟಿಯ ವಿಜ್ಞಾನಿಗಳು ಮಣ್ಣಿನ ತೇವಾಂಶದ ಲೆಕ್ಕದಿಂದ ತೋರಿಸಿದ್ದಾರೆ. ಕಲ್ಕತ್ತೆಯಲ್ಲಿ ಒಂದು ಮಣ ಅಕ್ಕಿಯ ಸಗಟು ಬೆಲೆ 1942ರ ಡಿಸೆಂಬರಿನಲ್ಲಿ 13-14 ರೂಪಾಯಿ ಇದ್ದದ್ದು ಮುಂದಿನ ಮೇ ತಿಂಗಳಲ್ಲಿ 30, ಆಗಸ್ಟಿನಲ್ಲಿ 37 ಆಯಿತು. ಯುದ್ಧದ ಕಾರ್ಖಾನೆಗಳ ಕೆಲಸಗಾರರಿಗೆ ಅಗ್ಗದ ದರದ ಧಾನ್ಯದ ಏರ್ಪಾಡಿತ್ತು. ಹಳ್ಳಿಯ ಕೂಲಿಯವನಿಗೆ, ಬೆಸ್ತನಿಗೆ, ಕ್ಷೌರಿಕನಿಗೆ ಇರಲಿಲ್ಲ. ಅಕ್ಕಿ ಇಲ್ಲದ್ದಕ್ಕಿಂತ ಕೊಳ್ಳುವ ಶಕ್ತಿ ಇಲ್ಲದ್ದೇ ಅವರನ್ನು ಕೊಂದಿತೆಂದು ಅಮರ್ತ್ಯ ಸೇನರು 1981ರ ತಮ್ಮ ಗ್ರಂಥದಲ್ಲಿ ಪ್ರತಿಪಾದಿಸಿದರು. ಸ್ಟರ್ಲಿಂಗಿನ ಜಮೆಯ ಮೇಲೆ ಹೊರಟ ನೋಟುಗಳು ಆ ಶಕ್ತಿಯನ್ನು ಯಾರ ಕೈಯಿಂದ ಕಿತ್ತು ಯಾರ ಕೈಗೆ ಹಾಕಿದವೆಂಬುದನ್ನು ಇಲ್ಲಿ ನೆನೆಯಬೇಕು. ಚರ್ಚಿಲ್ಲರು ದೂರಿದ ಸಾಲವೂ ಅವರು ಬರೆಯದ ಕ್ಷಾಮವೂ ಎರಡು ಬೇರೆ ಸಂಗತಿಗಳಲ್ಲ. ಒಂದೇ ವ್ಯವಹಾರದ ಎರಡು ಬದಿಗಳು.

ಹೊಣೆಯ ಪ್ರಶ್ನೆಯಲ್ಲಿ ನ್ಯಾಯವಾಗಿ ನಡೆಯುವುದು ಅಗತ್ಯ. 1943ರ ಬೇಸಗೆಯಲ್ಲಿ ಭಾರತದ ಸರ್ಕಾರ ಕೇಳಿದ್ದು 5 ಲಕ್ಷ ಟನ್ ಧಾನ್ಯ. ಆಗಸ್ಟಿನಲ್ಲಿ ಲಂಡನ್ನಿನ ಯುದ್ಧಸಚಿವ ಸಂಪುಟ ಒಪ್ಪಿದ್ದು ಅದರ ಅಲ್ಪ ಭಾಗಕ್ಕೆ. ಹಿಂದೂ ಮಹಾಸಾಗರದಲ್ಲಿ ಸಂಚರಿಸುವ ಹಡಗುಗಳನ್ನು ಆ ವರ್ಷದ ಆರಂಭದಲ್ಲಿಯೇ ಬಹುವಾಗಿ ಕಡಿತಗೊಳಿಸಲಾಗಿತ್ತು. ಇದರಲ್ಲಿ ಪ್ರಧಾನಿಯ ಪಾತ್ರವನ್ನು ಮಧುಶ್ರೀ ಮುಖರ್ಜಿಯವರು 2010ರ ಗ್ರಂಥದಲ್ಲಿ ಕಟುವಾಗಿ ನಿರೂಪಿಸಿದ್ದಾರೆ. ಮತ್ತೊಂದು ಬದಿಯೂ ಇದೆ. ಅಟ್ಲಾಂಟಿಕಿನಲ್ಲಿ ಜರ್ಮನ್ ಜಲಾಂತರ್ಗಾಮಿಗಳು ಹಡಗುಗಳನ್ನು ಮುಳುಗಿಸಿದ್ದವು, ಹಡಗಿನ ಅಭಾವ ನೆಪವಾಗಿರಲಿಲ್ಲ. 1944ರ ಏಪ್ರಿಲಿನಲ್ಲಿ ಆಸ್ಟ್ರೇಲಿಯಾದ ಗೋಧಿ ಸಾಗಿಸಲು ಹಡಗು ಕೊಡಿರೆಂದು ಚರ್ಚಿಲ್ಲರೇ ರೂಸ್‌ವೆಲ್ಟರನ್ನು ಕೇಳಿದರು, ಅವರು ಒಪ್ಪಲಿಲ್ಲ. ಬಂಗಾಳದ ಮಂತ್ರಿಮಂಡಲ ತಡವರಿಸಿತು, ನೆರೆಯ ಪ್ರಾಂತಗಳು ಧಾನ್ಯವನ್ನು ತಮ್ಮ ಗಡಿಯೊಳಗೇ ಹಿಡಿದಿಟ್ಟವು. ಅಂದಿನ ವೈಸರಾಯ್ ಲಿನ್‌ಲಿತ್‌ಗೋ ಕ್ಷಾಮದ ಆ ತಿಂಗಳುಗಳಲ್ಲಿ ಬಂಗಾಳಕ್ಕೆ ಹೋಗಲೇ ಇಲ್ಲ. ಅವರ ನಂತರ ಬಂದ ವೇವಲ್ ಅಧಿಕಾರ ಸ್ವೀಕರಿಸಿದ ಕೆಲವೇ ದಿನಗಳಲ್ಲಿ ಕಲ್ಕತ್ತೆಗೆ ಹೋಗಿ, ಸೈನ್ಯವನ್ನೇ ಅನ್ನ ಹಂಚುವ ಕೆಲಸಕ್ಕೆ ಹಚ್ಚಿದರು. ಅವರ ದಿನಚರಿ 1973ರಲ್ಲಿ ಪ್ರಕಟವಾಗಿದೆ. ಲಂಡನ್ನಿನಿಂದ ಧಾನ್ಯ ಪಡೆಯಲು ಒಬ್ಬ ಸೇನಾನಿ ಪಟ್ಟ ಪಾಡನ್ನು ಅದರಲ್ಲಿ ಓದಬಹುದು. ಚರ್ಚಿಲ್ಲರ ಗ್ರಂಥದಲ್ಲಿ ಇಲ್ಲದ ಆವಕ ದಫ್ತರದ ಒಂದು ಕಟ್ಟು ಅದು.

ಯಾರನ್ನಾದರೂ ಕೊಲ್ಲಬೇಕೆಂಬ ಸಂಕಲ್ಪ ಬಂಗಾಳದ ವಿಷಯದಲ್ಲಿ ಲಂಡನ್ನಿನಲ್ಲಿತ್ತೆಂದು ಹೇಳಲು ಆಧಾರ ಸಾಲದು. ಇದ್ದದ್ದು ಪ್ರಮಾದ, ಅಂದರೆ ತನ್ನ ಕೃತ್ಯದಿಂದ ಯಾವ ಜೀವಕ್ಕೆ ಏನಾದೀತೆಂಬುದರತ್ತ ಅಲಕ್ಷ್ಯ. ಆಚಾರ್ಯರು ಹಿಂಸೆಯ ಮೂಲವನ್ನು ಹುಡುಕಿದ್ದು ಅಲ್ಲಿಯೇ. ಈ ಆರು ಸಂಪುಟಗಳ ಮುಖ್ಯ ದೋಷ ಸುಳ್ಳಲ್ಲ. ಪ್ರಮಾದವು ಮೊದಲು ಆಡಳಿತದಲ್ಲಿ ನಡೆದು, ಆಮೇಲೆ ಕಥನದಲ್ಲಿ ಪುನರಾವರ್ತನೆಯಾದದ್ದು. ಹಡಗು ಕಳುಹಿಸದವರಿಗೆ ಯುದ್ಧದ ತುರ್ತಿತ್ತು. ಹಲವು ವರ್ಷಗಳ ತರುವಾಯ, ಸಹಾಯಕರೂ ಕಡತಗಳೂ ಬಿಡುವೂ ಇದ್ದ ಲೇಖಕನಿಗೆ ಆ ತುರ್ತು ಇರಲಿಲ್ಲ.

ಚರ್ಚಿಲ್ಲರು ಬರೆಯದೆ ಬಿಟ್ಟದ್ದನ್ನು ಬೇರೆಯವರು ಅದೇ ಕಾಲದಲ್ಲಿ ದಾಖಲಿಸಿದ್ದರು. 1943ರ ಆಗಸ್ಟಿನಲ್ಲಿ ಕಲ್ಕತ್ತೆಯ ‘ಸ್ಟೇಟ್ಸ್‌ಮನ್’ ಪತ್ರಿಕೆ, ಅದೂ ಇಂಗ್ಲಿಷರ ಒಡೆತನದ್ದು, ಬೀದಿಯಲ್ಲಿ ಬಿದ್ದವರ ಛಾಯಾಚಿತ್ರಗಳನ್ನು ಅಚ್ಚುಮಾಡಿತು. ಚಿತ್ತಪ್ರಸಾದ ಎಂಬ ಕಲಾವಿದ ಮಿಡ್ನಾಪುರದಲ್ಲಿ ಅಲೆದು ರೇಖಾಚಿತ್ರಗಳ ಸಣ್ಣ ಪುಸ್ತಕ ತಂದರು. ಸರ್ಕಾರ ಅದರ ಪ್ರತಿಗಳನ್ನು ಹಿಡಿದು ಸುಟ್ಟಿತು. ಸರ್ ಜಾನ್ ವುಡ್‌ಹೆಡ್ ಅಧ್ಯಕ್ಷತೆಯ ಕ್ಷಾಮ ವಿಚಾರಣಾ ಆಯೋಗದ ವರದಿ 1945ರಲ್ಲಿಯೇ ಹೊರಬಂದಿತು. ಚರ್ಚಿಲ್ಲರ ನಾಲ್ಕು, ಐದನೆಯ ಸಂಪುಟಗಳನ್ನು ಓದುವವರು ಆ ವರದಿಯನ್ನು ಜೊತೆಗಿಟ್ಟುಕೊಂಡು ಓದಬೇಕು.

ಆದರೆ ಆ ವರದಿಯನ್ನು ತೆರೆದ ವರ್ತಕ ಮನೆತನದ ಓದುಗನಿಗೆ ಲಂಡನ್ನಿನತ್ತ ಮಾತ್ರ ಬೆರಳು ತೋರಿಸಿ ಮುಗಿಸುವ ಅನುಕೂಲ ಉಳಿಯುವುದಿಲ್ಲ. ಬೆಲೆ ಇನ್ನೂ ಏರೀತೆಂದು ಅಕ್ಕಿಯನ್ನು ಕಣಜದಿಂದ ಹೊರಗೆ ಬಿಡದವರು ಇಲ್ಲಿಯವರೇ. 1943ರಲ್ಲಿ ಬಂಗಾಳದ ಅಕ್ಕಿಯ ಕ್ರಯವಿಕ್ರಯದಲ್ಲಿ ಗಳಿಸಿದ ಅಸಾಮಾನ್ಯ ಲಾಭ 150 ಕೋಟಿ ರೂಪಾಯಿ ಎಂಬ ಅಂದಾಜನ್ನು ಆಯೋಗ ನಮೂದಿಸಿದೆ. ಸತ್ತವರು 15 ಲಕ್ಷವೆಂದು ಆಯೋಗ ಹಿಡಿದಿತ್ತು. ಎರಡನ್ನೂ ಎದುರುಬದುರಿಟ್ಟು, ಒಂದೊಂದು ಸಾವಿಗೆ ಸುಮಾರು 1,000 ರೂಪಾಯಿ ಲಾಭವೆಂದು ಲೆಕ್ಕ ತೆಗೆಯಿತು. 15 ಲಕ್ಷವೆಂಬುದು ಕಡಿಮೆಯಾಯಿತೆಂದು ಆಯೋಗದ ಸದಸ್ಯರಲ್ಲೊಬ್ಬರಾದ ಆಯ್ಕ್‌ರಾಯ್ಡ್ ಮುಂದೆ 1974ರಲ್ಲಿ ಒಪ್ಪಿಕೊಂಡರು. ಸಂಖ್ಯೆಯನ್ನು 30 ಲಕ್ಷವೆಂದು ಹಿಡಿದರೆ ಅದು ತಲೆಗೆ 500 ರೂಪಾಯಿ ಆಗುತ್ತದೆ.