ರಾಜುವಿಗೆ ಸಿಗದ ನಲವತ್ತೊಂದನೆಯ ಕಳ್ಳ

ರಿಸರ್ವ್ ಬ್ಯಾಂಕಿನವರು ಚಿತ್ರಕಥೆ ಪುಸ್ತಕ ತಂದಿದ್ದಾರೆ ಅಂದ್ರೆ ನನ್ನ ಆಫೀಸಲ್ಲಿ ಯಾರೂ ನಂಬಲಿಲ್ಲ. ಆದರೆ ನಿಜ. 2022ರಲ್ಲಿ ಬಂದ ಈ ಪುಸ್ತಕದ ಹೆಸರು ‘ರಾಜು ಅಂಡ್ ದಿ ಫಾರ್ಟಿ ಥೀವ್ಸ್’. ರಾಜು ಅನ್ನೋ ಅಮಾಯಕ, ನಲವತ್ತು ಪುಟ್ಟ ಕಥೆ, ಪ್ರತಿ ಕಥೆಯಲ್ಲೂ ಅವನಿಗೆ ಒಬ್ಬ ಕಳ್ಳ ಸಿಗುತ್ತಾನೆ. ಕೊನೆಗೆ ಏನು ಮಾಡಬೇಕು, ಏನು ಮಾಡಬಾರದು ಅನ್ನುವ ಬುದ್ಧಿಮಾತು. ಇಂಟರ್ನೆಟ್ಟಿನಲ್ಲಿ ಬಿಟ್ಟಿ ಸಿಗುತ್ತದೆ.

ಮೊದಲು ಮೆಚ್ಚಬೇಕಾದ್ದನ್ನು ಮೆಚ್ಚೋಣ. ಸರ್ಕಾರಿ ಸುತ್ತೋಲೆಯ ಭಾಷೆಯಲ್ಲಿ ಹೇಳಿದ್ದರೆ ಯಾರೂ ಓದದ ವಿಷಯವನ್ನು ಈ ಪುಸ್ತಕ ಕಥೆ ಮಾಡಿ ಹೇಳುತ್ತದೆ. ದುಡ್ಡು ಪಡೆಯೋಕೆ ಯುಪಿಐ ಪಿನ್ ಹಾಕಬೇಕಾಗಿಲ್ಲ ಅನ್ನೋ ಒಂದೇ ಮಾತು ತಲೆಯಲ್ಲಿ ಕೂತರೂ ಎಷ್ಟೋ ಜನರ ಸಂಬಳ ಉಳಿಯುತ್ತದೆ. ಊರಲ್ಲಿರುವ ಅಪ್ಪ ಅಮ್ಮನಿಗೆ ಓದಿ ಹೇಳೋಕೂ ಸುಲಭ. ಇಷ್ಟರ ಮಟ್ಟಿಗೆ ಪುಸ್ತಕ ಗೆದ್ದಿದೆ.

ನನ್ನ ತಕರಾರು ಕಳ್ಳರ ಬಗ್ಗೆ. ರಾಜುವಿನ ಕಳ್ಳರಲ್ಲಿ ಬಹುಪಾಲು ಜನ ಅಪರಿಚಿತರು. ಫೋನ್ ಮಾಡುತ್ತಾರೆ, ಲಿಂಕ್ ಕಳಿಸುತ್ತಾರೆ, ಕೆವೈಸಿ ಮುಗಿದುಹೋಯ್ತು ಅಂತ ಹೆದರಿಸುತ್ತಾರೆ. ರಾಜು ಗಾಬರಿಯಾಗಿಯೋ ಆಸೆಪಟ್ಟೋ ಬಟನ್ ಒತ್ತುತ್ತಾನೆ. ಹಾಗಾಗಿ ಪುಸ್ತಕ ಮುಚ್ಚಿದಾಗ ಮನಸ್ಸಲ್ಲಿ ಉಳಿಯೋದು ಒಂದೇ: ಗುರುತಿಲ್ಲದವರನ್ನು ನಂಬಬೇಡ, ದುರಾಸೆ ಪಡಬೇಡ. ನಂಬಿದವರೇ ಮುಳುಗಿಸಿದರೆ ಏನು ಮಾಡಬೇಕು ಅನ್ನುವ ಪ್ರಶ್ನೆಗೆ ರಾಜುವಿನ ಹತ್ತಿರ ಉತ್ತರವಿಲ್ಲ.

ಈ ಪುಸ್ತಕವನ್ನು ಕೈಯಲ್ಲಿ ಹಿಡಿದು ಒಂದು ಸಲ ಕಮರ್ಷಿಯಲ್ ಸ್ಟ್ರೀಟಿಗೆ ಹೋಗಿ ನೋಡಿ. ನಾವೆಲ್ಲ ಕುರ್ತಾಗೆ, ಚಪ್ಪಲಿಗೆ, ಸರ–ಓಲೆಗೆ ಚೌಕಾಸಿ ಮಾಡೋ ಜಾಗ. ಎಂಟುನೂರು ಅಂದಿದ್ದನ್ನು ನಾನೂರಕ್ಕೆ ಇಳಿಸದೆ ಬಂದರೆ ಮನೆಯಲ್ಲಿ ಬೈಸಿಕೊಳ್ಳೋ ಜಾಗ. ಇಲ್ಲಿಂದ ಸ್ವಲ್ಪವೇ ದೂರದಲ್ಲಿ, ಶಿವಾಜಿನಗರದ ಲೇಡಿ ಕರ್ಜನ್ ರಸ್ತೆಯಲ್ಲಿ ಐಎಂಎ ಜ್ಯುವೆಲ್ಸ್ ಇತ್ತು. 2019ರ ಜೂನ್ 10ರಂದು ಅದರ ಮುಂದೆ ಜನಸಾಗರ. ಕಂಪನಿಯ ಮುಖ್ಯಸ್ಥ ಮನ್ಸೂರ್ ಖಾನ್ ಧ್ವನಿಯದ್ದು ಎನ್ನಲಾದ ಆಡಿಯೊ ವಾಟ್ಸ್ಯಾಪಿನಲ್ಲಿ ಹರಿದಾಡಿತ್ತು. ಲಂಚ ಕೊಟ್ಟು ಕೊಟ್ಟು ಸಾಕಾಗಿದೆ, ಸಾಯುತ್ತೇನೆ ಅನ್ನುವ ಅರ್ಥದ ಮಾತುಗಳು. ಆತ ಆಗಲೇ ದುಬೈ ಸೇರಿಯಾಗಿತ್ತು. ಮೊಕದ್ದಮೆ ದಾಖಲಾಗಿದ್ದು ಕಮರ್ಷಿಯಲ್ ಸ್ಟ್ರೀಟ್ ಠಾಣೆಯಲ್ಲೇ. ದೂರು ಕೊಡಲು ಬಂದವರ ಸಾಲು ದಿನಗಟ್ಟಲೆ ಕರಗಲಿಲ್ಲ, ಸಾವಿರ ಸಾವಿರ ದೂರುಗಳು. ಜುಲೈ 19ರಂದು ಆತ ದೆಹಲಿ ವಿಮಾನ ನಿಲ್ದಾಣದಲ್ಲಿ ಸಿಕ್ಕಿಬಿದ್ದ. ಆಮೇಲೆ ತನಿಖೆ ಸಿಬಿಐ ಕೈಗೆ ಹೋಯಿತು.

ಈಗ ಹೇಳಿ, ಇಲ್ಲಿ ಅಪರಿಚಿತ ಯಾರು? ಕಂಪನಿ ಶುರುವಾಗಿದ್ದು 2006ರಲ್ಲಿ. ವರ್ಷಗಟ್ಟಲೆ ಲಾಭಾಂಶ ಸರಿಯಾಗಿ ಬಂತು. ಅಂಗಡಿಯಲ್ಲಿ ಕಣ್ಣಿಗೆ ಕಾಣೋ ಚಿನ್ನ ಇತ್ತು. ಶಿವಾಜಿನಗರದ ವಿ.ಕೆ. ಒಬೈದುಲ್ಲಾ ಸರ್ಕಾರಿ ಶಾಲೆಗೆ ಕಂಪನಿ ಹಣ ಹಾಕಿತ್ತು. ಎಲ್ಲಕ್ಕಿಂತ ಹೆಚ್ಚಾಗಿ, ಬಡ್ಡಿ ತಗೊಳ್ಳೋದು ಧರ್ಮಕ್ಕೆ ಸಲ್ಲದು ಅಂತ ಬ್ಯಾಂಕಿನ ಎಫ್‌ಡಿಯಿಂದ ದೂರ ಉಳಿದ ಕುಟುಂಬಗಳಿಗೆ ಇದು ‘ಹಲಾಲ್’ ಹೂಡಿಕೆ ಅಂತ ಬಂತು. ಮಗಳ ಮದುವೆಗೆ ಕೂಡಿಟ್ಟ ದುಡ್ಡು, ರಿಟೈರ್ ಆದಾಗ ಬಂದ ದುಡ್ಡು ತಂದು ಹಾಕಿದವರಿಗೆ ‘ನಿಮಗೆ ದುರಾಸೆ’ ಅಂತ ಹೇಳೋದು ಸುಲಭ. ಆದರೆ ಅವರಲ್ಲಿ ಎಷ್ಟೋ ಜನ ಬಂದದ್ದು ಬಡ್ಡಿ ಬೇಡ ಅಂತಲೇ.

ದುರಾಸೆ ಅನ್ನೋ ಪದವನ್ನು ನಾವು ಎಲ್ಲರ ಮೇಲೂ ಒಂದೇ ಥರ ಬಳಸೋದಿಲ್ಲ ಅನ್ನೋದೂ ಗಮನಿಸಬೇಕು. 2018ರಲ್ಲಿ ಇದೇ ಬೆಂಗಳೂರಲ್ಲಿ ವಿಕ್ರಂ ಇನ್ವೆಸ್ಟ್‌ಮೆಂಟ್ಸ್ ಪ್ರಕರಣ ಬಯಲಿಗೆ ಬಂದಾಗ ದೂರು ಕೊಟ್ಟವರಲ್ಲಿ ರಾಹುಲ್ ದ್ರಾವಿಡ್ ಕೂಡ ಇದ್ದರು. ಆಗ ನಾವು ‘ಅಯ್ಯೋ, ದ್ರಾವಿಡ್‌ಗೂ ಮೋಸ ಮಾಡಿದರಲ್ಲ’ ಅಂದೆವು. ಶಿವಾಜಿನಗರದ ಸಾಲಿನಲ್ಲಿ ನಿಂತವರಿಗೆ ಮಾತ್ರ ‘ಓದಿಲ್ಲ, ಆಸೆಬುರುಕರು’ ಅಂದೆವು. ಬಲಿಯಾದವನನ್ನೇ ಬೈಯುವ ಈ ಅಭ್ಯಾಸಕ್ಕೆ ರಾಜುವಿನ ಕಥೆಗಳೂ ತಮಗೆ ಗೊತ್ತಿಲ್ಲದೆ ನೀರೆರೆಯುತ್ತವೆ. ಪ್ರತಿ ಕಥೆಯಲ್ಲೂ ತಿದ್ದಿಕೊಳ್ಳಬೇಕಾದವನು ರಾಜು ಒಬ್ಬನೇ.

ಉಳಿದವರು ಎಲ್ಲಿದ್ದರು? ಐಎಂಎ ಬಗ್ಗೆ ರಿಸರ್ವ್ ಬ್ಯಾಂಕ್ ರಾಜ್ಯ ಸರ್ಕಾರವನ್ನು ಮೊದಲೇ ಎಚ್ಚರಿಸಿತ್ತು. ಠೇವಣಿದಾರರನ್ನು ಕಾಪಾಡಲೆಂದೇ ಕರ್ನಾಟಕದಲ್ಲಿ 2004ರ ಕಾಯ್ದೆ ಇದೆ. ಆದರೂ ಅಂಗಡಿ ತೆರೆದೇ ಇತ್ತು. ಕಂಪನಿಗೆ ಅನುಕೂಲವಾಗುವ ವರದಿಗಾಗಿ ಲಂಚ ಪಡೆದ ಆರೋಪದ ಮೇಲೆ 2019ರ ಜುಲೈನಲ್ಲಿ ಬೆಂಗಳೂರು ನಗರ ಜಿಲ್ಲಾಧಿಕಾರಿಯನ್ನೇ ಬಂಧಿಸಬೇಕಾಯಿತು. ಕಾವಲುಗಾರನ ಮೇಲೇ ಆರೋಪ ಬಂದ ಕಥೆ ನಲವತ್ತರಲ್ಲಿ ಸೇರಿಲ್ಲ. ಕಾವಲುಗಾರರೇ ಬರೆಸಿದ ಪುಸ್ತಕದಲ್ಲಿ ಅದನ್ನು ನಿರೀಕ್ಷಿಸೋದೂ ಕಷ್ಟ ಅನ್ನಿ.

ಹಾಗಾದರೆ ನಲವತ್ತೊಂದನೆಯ ಕಥೆಯಲ್ಲಿ ಏನಿರಬೇಕು? ‘ಆಸೆ ಪಡಬೇಡ’ ಅನ್ನುವ ಉಪದೇಶ ಬೇಡ. ಕಮರ್ಷಿಯಲ್ ಸ್ಟ್ರೀಟಿನ ಚೌಕಾಸಿ ಬುದ್ಧಿ ಸಾಕು. ನನ್ನ ಪ್ರಕಾರ ಕೇಳಬೇಕಾದ್ದು ಮೂರೇ ಪ್ರಶ್ನೆ.

ಒಂದು, ಕಾಗದದಲ್ಲಿ ನಾನು ಯಾರು? ಐಎಂಎ ಅನೇಕರನ್ನು ಎಲ್‌ಎಲ್‌ಪಿ, ಅಂದರೆ ಸೀಮಿತ ಹೊಣೆಯ ಪಾಲುದಾರಿಕೆಗಳಲ್ಲಿ ಪಾಲುದಾರರನ್ನಾಗಿ ಸೇರಿಸಿಕೊಂಡಿತ್ತು. ನೀವು ‘ಡಿಪಾಸಿಟ್ ಇಟ್ಟಿದ್ದೀನಿ’ ಅಂದುಕೊಂಡಿರುತ್ತೀರಿ, ಕಾಗದ ‘ನೀವು ಪಾಲುದಾರರು’ ಅನ್ನುತ್ತಿರುತ್ತದೆ. ಪಾಲುದಾರನಿಗೆ ಲಾಭದಲ್ಲಿ ಪಾಲು ಇದ್ದ ಹಾಗೆ ನಷ್ಟದಲ್ಲೂ ಇರುತ್ತದೆ. ಸಹಿ ಹಾಕೋ ಮುಂಚೆ ಆ ಒಂದು ಪದ ಹುಡುಕಿ.

ಎರಡು, ಯಾರ ಅನುಮತಿ? ಗೋಡೆ ಮೇಲೆ ತೂಗುಹಾಕಿದ ಜಿಎಸ್‌ಟಿ ಸರ್ಟಿಫಿಕೇಟು, ಕಂಪನಿ ನೋಂದಣಿ ಇವೆಲ್ಲ ವ್ಯಾಪಾರ ಮಾಡೋಕೆ. ಜನರಿಂದ ಠೇವಣಿ ತಗೊಳ್ಳೋದಕ್ಕೆ ಬೇರೆಯೇ ಅನುಮತಿ ಬೇಕು. ರಿಸರ್ವ್ ಬ್ಯಾಂಕಿನ ‘ಸಚೇತ್’ ತಾಣದಲ್ಲಿ ಸಂಸ್ಥೆಯ ಹೆಸರು ಹುಡುಕಬಹುದು, ದೂರನ್ನೂ ಕೊಡಬಹುದು. ಅನುಮತಿಯಿಲ್ಲದ ಠೇವಣಿ ಯೋಜನೆಗಳನ್ನು ನಿಷೇಧಿಸುವ ಕೇಂದ್ರ ಕಾಯ್ದೆಯೂ 2019ರಲ್ಲೇ ಬಂದಿದೆ.

ಮೂರು, ಲಾಭ ಎಲ್ಲಿಂದ? ಯಾರಾದರೂ ತಿಂಗಳಿಗೆ ನೂರಕ್ಕೆ ಮೂರು ಕೊಡ್ತೀನಿ ಅಂದರೆ ಲೆಕ್ಕ ಹಾಕಿ. ಒಂದು ಲಕ್ಷಕ್ಕೆ ತಿಂಗಳಿಗೆ 3,000, ವರ್ಷಕ್ಕೆ 36,000. ಬಾಡಿಗೆ, ಸಂಬಳ, ತೆರಿಗೆ, ತನ್ನ ಪಾಲು ಎಲ್ಲ ಕಳೆದು ನಿಮಗೆ ಇಷ್ಟು ಕೊಡಬೇಕಾದರೆ ಆ ವ್ಯಾಪಾರ ನಿಮ್ಮ ದುಡ್ಡಿನ ಮೇಲೆ ಇನ್ನೆಷ್ಟು ದುಡಿಯಬೇಕು? ಈ ಬೀದಿಯ ಯಾವ ಅಂಗಡಿಯವರನ್ನಾದರೂ ಕೇಳಿ, ನಕ್ಕುಬಿಡುತ್ತಾರೆ. ವ್ಯಾಪಾರದಿಂದ ಹುಟ್ಟದ ಲಾಭ ಹೊಸದಾಗಿ ಸೇರಿದವರ ಜೇಬಿನಿಂದಲೇ ಬರಬೇಕು.

ಇದೆಲ್ಲ ಶಿವಾಜಿನಗರದ ಹಳೇ ಕಥೆ, ನಮಗ್ಯಾಕೆ ಅಂತ ಇಂದಿರಾನಗರದ ಕಾಫಿ ಶಾಪಿನಲ್ಲಿ ಕೂತು ಅಂದುಕೊಳ್ಳಬೇಡಿ. ನಮ್ಮ ಟೆಲಿಗ್ರಾಂ ಟ್ರೇಡಿಂಗ್ ಗ್ರೂಪು, ಹಳೇ ಕೊಲೀಗ್ ಶುರುಮಾಡಿದ ‘ಫಂಡು’, ಅಪಾರ್ಟ್‌ಮೆಂಟ್ ಗೆಳೆಯರ ಕ್ರಿಪ್ಟೋ ಯೋಜನೆ, ಇವೆಲ್ಲ ನಮ್ಮ ನಮ್ಮ ಜುಮ್ಮಾ ಮಸೀದಿ ರಸ್ತೆಗಳು. ಅವರು ಧರ್ಮ ಹಂಚಿಕೊಂಡವನನ್ನು ನಂಬಿದರು, ನಾವು ಕಾಲೇಜು ಹಂಚಿಕೊಂಡವನನ್ನು ನಂಬುತ್ತೇವೆ. ನಂಬೋದು ತಪ್ಪಲ್ಲ. ನಂಬಿದವನ ಹತ್ತಿರ ಕಾಗದ ಕೇಳೋಕೆ ಸಂಕೋಚ ಪಡ್ತೀವಲ್ಲ, ಕಳ್ಳನಿಗೆ ಬೇಕಾಗಿರೋದು ಅಷ್ಟೇ.

ಆನ್‌ಲೈನಿನಲ್ಲಿ ದುಡ್ಡು ಹೋದ ಕೂಡಲೇ 1930ಕ್ಕೆ ಫೋನ್ ಮಾಡಿದರೆ ಕೆಲವೊಮ್ಮೆ ಮುಂದೆ ಹೋಗದಂತೆ ತಡೆಯಬಹುದು. ಪರಿಚಯದವನಿಗೆ ವರ್ಷಗಟ್ಟಲೆ ಕೊಟ್ಟ ದುಡ್ಡಿಗೆ ಅಂಥ ಹೆಲ್ಪ್‌ಲೈನ್ ಇಲ್ಲ. ಐಎಂಎ ಹೂಡಿಕೆದಾರರಿಂದ ಕ್ಲೈಮ್ ಅರ್ಜಿ ಕರೆದದ್ದೇ 2020ರ ಕೊನೆಗೆ. ರಾಜುವಿನ ಪುಸ್ತಕ ಓದಿ, ಮನೆಯವರಿಗೂ ಕಳಿಸಿ. ಆಮೇಲೆ ಕೊನೇ ಪುಟದ ಹಿಂದೆ ಈ ಮೂರು ಪ್ರಶ್ನೆ ಬರೆದಿಟ್ಟುಕೊಳ್ಳಿ. ಮುಂದಿನ ಸಲ ‘ಏನಪ್ಪಾ, ನನ್ನ ಮೇಲೇ ಅನುಮಾನಾನಾ?’ ಅಂತ ಯಾರಾದರೂ ಬೇಜಾರು ಮಾಡಿಕೊಂಡರೆ, ‘ಅನುಮಾನ ಅಲ್ಲ ಗುರು, ಲೆಕ್ಕ’ ಅನ್ನಿ.