ಕ್ಯಾಮೆರಾ ಯಾರ ಪಕ್ಕ ನಿಂತಿದೆ?

ಆಟಿಸಂ ಬಗ್ಗೆ ಕನ್ನಡದಲ್ಲಿ ಯಾವ ಸಿನಿಮಾ ಇದೆ ಎಂದು ಯಾರಾದರೂ ಕೇಳಿದರೆ ನಾನು ಮೊದಲು ಹೇಳುವುದು ನಮ್ಮ ಕಡೆಯವರ ಹೆಸರನ್ನೇ. ‘ಮದಿಪು’ ತುಳು ಚಿತ್ರಕ್ಕೆ ರಾಷ್ಟ್ರಪ್ರಶಸ್ತಿ ತಂದ ಚೇತನ್ ಮುಂಡಾಡಿ 2022ರಲ್ಲಿ ‘ವರ್ಣಪಟಲ’ ತೆರೆಗೆ ತಂದರು. ಆಟಿಸಂ ಇರುವ ಹುಡುಗಿ, ತಾಯಿಯಾಗಿ ಜ್ಯೋತಿ ರೈ, ಜೊತೆಗೆ ಸುಹಾಸಿನಿ. ಕರಾವಳಿಯ ನಾಟಕ, ಸಿನಿಮಾಗಳಲ್ಲಿ ‘ಮಂಡೆ ಸಮ ಇಲ್ಲದ’ ಪಾತ್ರವನ್ನು ನಗಿಸಲೆಂದೇ ತಂದು ನಿಲ್ಲಿಸುವುದು ಹೆಚ್ಚು. ಅಲ್ಲಿಂದ ಇಷ್ಟು ಬಂದದ್ದು ಸಣ್ಣ ಮಾತಲ್ಲ. ಆದರೂ ಇಂಥ ಯಾವುದೇ ಚಿತ್ರ ನೋಡುವಾಗ ನಾನು ಹುಡುಕುವುದು ಒಂದನ್ನೇ: ಕ್ಯಾಮೆರಾ ಯಾರ ಪಕ್ಕ ನಿಂತಿದೆ? ಹೆಚ್ಚಿನ ಸಲ ಅದು ಹೆತ್ತವರ ಕಣ್ಣೀರಿನ ಪಕ್ಕದಲ್ಲೇ ಇರುತ್ತದೆ. ಮಗು ಏನು ನೋಡುತ್ತಿದೆ ಎಂಬುದು ನಮಗೆ ಕಾಣುವುದೇ ಇಲ್ಲ.

1988ರ ‘ರೇನ್ ಮ್ಯಾನ್’ ಡಸ್ಟಿನ್ ಹಾಫ್‌ಮನ್‌ಗೆ ಆಸ್ಕರ್ ಕೊಡಿಸಿತು. ನೆಲಕ್ಕೆ ಚೆಲ್ಲಿದ ಹಲ್ಲುಕಡ್ಡಿಗಳು 246 ಎಂದು ಅವರ ಪಾತ್ರ ರೇಮಂಡ್ ಒಂದೇ ನೋಟಕ್ಕೆ ಹೇಳುವ ದೃಶ್ಯ ಎಲ್ಲರಿಗೂ ನೆನಪು. ಪಿಡುಗು ಶುರುವಾದದ್ದೂ ಅಲ್ಲಿಂದಲೇ. ಎಲ್ಲೋ ಕೆಲವರಿಗಷ್ಟೇ ಇರುವ ಶಕ್ತಿ ತೆರೆಯ ಮೇಲೆ ಎಲ್ಲರಿಗೂ ಕಡ್ಡಾಯವಾಯಿತು. ತಮಾಷೆಯೆಂದರೆ, ಆ ಪಾತ್ರಕ್ಕೆ ಪ್ರೇರಣೆಯಾದ ಕಿಮ್ ಪೀಕ್‌ಗೆ ಇದ್ದದ್ದು ಆಟಿಸಂ ಅಲ್ಲ, ಬೇರೆಯದೇ ಸಮಸ್ಯೆ ಎಂಬ ಅಭಿಪ್ರಾಯ ಆಮೇಲೆ ಬಂತು. ಟಿವಿಯೂ ಅದೇ ಜಾಡು ಹಿಡಿಯಿತು: ‘ದ ಗುಡ್ ಡಾಕ್ಟರ್’ನ ಸರ್ಜನ್, ಕೊರಿಯಾ ಸೀರಿಯಲ್ಲಿನ ವಕೀಲೆ ವೂ, ಇಬ್ಬರೂ ಅಸಾಧ್ಯ ಬುದ್ಧಿವಂತರು.

ನನಗೆ ‘ರೇನ್ ಮ್ಯಾನ್’ನ ಇನ್ನೊಂದು ದೃಶ್ಯ ದೊಡ್ಡದು. ಮನೆಯೊಳಗೆ ಹೊಗೆಯ ಅಲಾರಂ ಬಡಿದುಕೊಳ್ಳುತ್ತದೆ. ರೇಮಂಡ್ ಕಿರುಚುತ್ತಾನೆ, ಬಾಗಿಲಿಗೆ ತಲೆ ಚಚ್ಚಿಕೊಳ್ಳುತ್ತಾನೆ, ಹೊರಗೆ ಹೋಗುವುದು ಹೇಗೆಂದು ತೋಚುವುದಿಲ್ಲ. ಲೆಕ್ಕವಿಲ್ಲ, ಚಮತ್ಕಾರವಿಲ್ಲ, ಸದ್ದು ಒಬ್ಬ ಮನುಷ್ಯನನ್ನು ಏನು ಮಾಡಬಲ್ಲದು ಎಂಬುದಷ್ಟೇ. ನಮ್ಮ ಕೋಲ, ಜಾತ್ರೆಗಳಲ್ಲಿ ಗರ್ನಾಲು ಸಿಡಿದಾಗ ಕಿವಿ ಮುಚ್ಚಿ ನೆಲಕ್ಕೆ ಕೂತುಬಿಡುವ ಮಕ್ಕಳನ್ನು ನೋಡಿಲ್ಲವೆ? ‘ಎಂಥ ಹಟ ಮಾರಾಯ್ರೆ ಇದು’ ಎಂದು ಸುತ್ತ ನಿಂತವರು ತಾಯಿಗೆ ಬುದ್ಧಿ ಹೇಳುತ್ತಾರೆ. ಆ ಸದ್ದು ಆ ಕಿವಿಯೊಳಗೆ ಹೇಗಿರುತ್ತದೆ ಎಂದು ಕೇಳಿಸಲು ಸಿನಿಮಾಕ್ಕಿಂತ ಒಳ್ಳೆಯ ಮಾಧ್ಯಮ ಯಾವುದಿದೆ! ನಮ್ಮವರು ಅಲ್ಲಿಗೆ ವಯೊಲಿನ್ ಹಾಕುತ್ತಾರೆ.

2013ರ ತಮಿಳು ‘ಹರಿದಾಸ್’ ನನಗೆ ಇಷ್ಟ. ನಮ್ಮ ಕಿಶೋರ್ ಅದರಲ್ಲಿ ಪೊಲೀಸ್ ಅಧಿಕಾರಿ. ಮಗನನ್ನು ಅರಿಯಲು ತಾನೂ ಅವನ ಜೊತೆ ಶಾಲೆಗೆ ಹೋಗುವ ಅಪ್ಪ. ಕಿಶೋರ್ ಅಳುವುದಕ್ಕಿಂತ ಹೆಚ್ಚು ನೋಡುತ್ತಾರೆ, ಅದೇ ಚಿತ್ರದ ಬಲ. ಆದರೆ ಕೊನೆಗೆ ಹುಡುಗ ಮ್ಯಾರಥಾನ್ ಓಡಲೇಬೇಕು. ಓಡದ ಹುಡುಗನ ಕತೆ ಯಾರಿಗೂ ಬೇಡ. ಬೆಳೆದು ದೊಡ್ಡವರಾದವರ ಕತೆಯಂತೂ ಇನ್ನೂ ಅಪರೂಪ. ‘ಬರ್ಫಿ’ಯಲ್ಲಿ ಪ್ರಿಯಾಂಕಾ ಚೋಪ್ರಾ ಮಾಡಿದ ಜಿಲ್ಮಿಲ್‌ಗೆ ಪ್ರೀತಿಸುವ ಹಕ್ಕಾದರೂ ಸಿಕ್ಕಿತು. 2025ರ ‘ಸಿತಾರೇ ಜಮೀನ್ ಪರ್’ ಇನ್ನೊಂದು ಹೆಜ್ಜೆ ಮುಂದೆ ಹೋಯಿತು. ಕತೆ ಕೋಚ್ ಆಮಿರ್ ಖಾನ್‌ದೇ ಆದರೂ ತಂಡದ ಹತ್ತು ಪಾತ್ರಗಳಲ್ಲಿ ನಟಿಸಿದವರು ಇಂಥ ಬದುಕನ್ನು ಸ್ವತಃ ಬಾಳುತ್ತಿರುವವರೇ. ನಟನೆಯ ಸರ್ಕಸ್ ಇಲ್ಲ. ನಗುವೂ ಅವರ ಜೊತೆಗಿನದು.

ಇಷ್ಟೆಲ್ಲ ಬರೆದರೂ, ಯಾರ ಬಗ್ಗೆ ಈ ಚಿತ್ರಗಳಿವೆಯೋ ಅವರಲ್ಲಿ ಅನೇಕರು ಟಾಕೀಸಿನೊಳಗೆ ಹತ್ತು ನಿಮಿಷ ಕೂರಲಾರರು. ಡಾಲ್ಬಿ ಸದ್ದು, ಕಗ್ಗತ್ತಲು, ಎದ್ದರೆ ಹಿಂದಿನ ಸಾಲಿನವರ ಗದರಿಕೆ. ಅಮೆರಿಕದ ಎಎಂಸಿ ಚಿತ್ರಮಂದಿರಗಳು 2007ರಿಂದ ಇವರಿಗೆಂದೇ ಪ್ರದರ್ಶನ ನಡೆಸುತ್ತಿವೆ: ಸದ್ದು ತಗ್ಗಿಸಿ, ದೀಪ ಉರಿಸಿ, ಓಡಾಡಲು ಬಿಟ್ಟು. ನಮ್ಮಲ್ಲೂ ಮೂಡುಬಿದಿರೆಯಲ್ಲಿ ಆಳ್ವಾಸ್ ಸಂಸ್ಥೆಯವರ ವಿಶೇಷ ಶಾಲೆಯೇ ಇದೆ, ಪ್ರೇಕ್ಷಕರಿಗೆ ಬರಗಾಲವಿಲ್ಲ. ಟಾಕೀಸಿನ ಮಾಲಕರೇ, ತಿಂಗಳಿಗೆ ಒಂದು ಭಾನುವಾರ ಬೆಳಗ್ಗಿನ ಆಟವನ್ನು ಹಾಗೆ ಹಾಕಿ ನೋಡಿ. ಹೊಸ ಚಿತ್ರವೇ ಆಗಬೇಕೆಂದಿಲ್ಲ.